ಆವ್ರೊ ಹತ್ತಿದವರು ಅದನ್ನು ಯಾಕೆ ಮರೆಯುವುದಿಲ್ಲ?

ಪ್ರಶ್ನೆ: ನಮ್ಮೂರು ಶಿವಮೊಗ್ಗ. ನಮ್ಮ ತಂದೆಗೆ 75 ದಾಟಿದೆ. 1978ರಲ್ಲಿ ಕೆಲಸದ ಮೇಲೆ ಬೆಂಗಳೂರಿನಿಂದ ಮಂಗಳೂರಿಗೆ ಆವ್ರೊ ವಿಮಾನದಲ್ಲಿ ಹೋಗಿದ್ದರಂತೆ. ಆಮೇಲೆ ದುಬೈ, ಸಿಂಗಪುರ ಅಂತ ಎಷ್ಟೋ ಸಲ ದೊಡ್ಡ ಜೆಟ್‌ಗಳಲ್ಲಿ ಓಡಾಡಿದ್ದಾರೆ. ಆದರೆ ವಿಮಾನದ ಮಾತು ಬಂದರೆ ಇವತ್ತಿಗೂ ಆ ಆವ್ರೊ ಕತೆಯೇ. ಈಚೆಗೆ, ಆವ್ರೊದಂಥ ಹಳೆಯ ಟರ್ಬೊಪ್ರಾಪ್ ವಿಮಾನದಲ್ಲಿ ಒಂದು ಸುತ್ತು ಹಾರೋಕೆ ಜನ ದೇಶ ದಾಟಿ ಹೋಗುವ ವಿಡಿಯೊ ನೋಡಿದೆ. ಸದ್ದು ಜಾಸ್ತಿ, ವೇಗ ಕಡಿಮೆ. ಹಾಗಿದ್ದೂ ಅದರಲ್ಲಿ ಅಂಥದ್ದೇನಿದೆ? ಅಷ್ಟು ಹಳೆಯ ವಿಮಾನ ಹತ್ತುವುದು ಕ್ಷೇಮವೇ? ಅಪ್ಪನನ್ನು ಇನ್ನೊಂದು ಸಲ ಅಂಥ ವಿಮಾನದಲ್ಲಿ ಕರೆದುಕೊಂಡು ಹೋಗಲು ಆಗುತ್ತದೆಯೇ?

ಉತ್ತರ: ನಿಮ್ಮ ತಂದೆಯವರು ಆ ಕತೆಯಲ್ಲಿ ಏನೇನು ಹೇಳುತ್ತಾರೆ ಅಂತ ನೀವು ಬರೆದಿಲ್ಲ. ಆದರೆ ಎಂಜಿನ್ ಶುರುವಾಗುವಾಗಿನ ಸದ್ದಿನ ವಿಷಯ ಅದರಲ್ಲಿ ಇದ್ದೇ ಇರುತ್ತದೆ ಅನ್ನೋದು ನನ್ನ ಅಂದಾಜು. ಆವ್ರೊ ಹತ್ತಿದ ಯಾರನ್ನೇ ಕೇಳಿ, ಬಾಯಲ್ಲೇ ಆ ಸದ್ದು ಮಾಡಿ ತೋರಿಸುತ್ತಾರೆ. ಏರ್‌ಬಸ್ ಹತ್ತಿ ಬಂದವರು ಯಾರೂ ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರದ ಎಳೆ ಅಲ್ಲೇ ಇದೆ.

ನಾನು ವಿಮಾನ ದುರಸ್ತಿಯ ಎಂಜಿನಿಯರ್ ಆಗಿದ್ದವನು. ಕೆಲಸಕ್ಕೆ ಸೇರಿದ ಮೊದಲ ಹನ್ನೊಂದು ವರ್ಷ ನನ್ನ ಕೈಗೆ ಎಣ್ಣೆ ಮೆತ್ತಿದ್ದೆಲ್ಲ ಆವ್ರೊ ಮತ್ತು ಫಾಕರ್ ವಿಮಾನಗಳಿಂದಲೇ. ಎರಡರಲ್ಲೂ ಇದ್ದದ್ದು ಒಂದೇ ಜಾತಿಯ ಎಂಜಿನ್, ರೋಲ್ಸ್ ರಾಯ್ಸ್ ಡಾರ್ಟ್. ಆ ಎಂಜಿನ್ ಅರ್ಥವಾದರೆ ನಿಮ್ಮ ತಂದೆಯ ನೆನಪೂ ಅರ್ಥವಾಗುತ್ತದೆ.

ಡಾರ್ಟ್ ಒಂದು ಟರ್ಬೊಪ್ರಾಪ್ ಎಂಜಿನ್. ಅಂದರೆ ಒಳಗೆ ಜೆಟ್, ಹೊರಗೆ ಪ್ರೊಪೆಲರ್. ಜೆಟ್ ವಿಮಾನದ ಹಾಗೆಯೇ ಇಲ್ಲೂ ಗಾಳಿಯನ್ನು ಒಳಗೆಳೆದು, ಒತ್ತಿ, ಅದರಲ್ಲಿ ಸೀಮೆಎಣ್ಣೆ ಉರಿಸಿ ಟರ್ಬೈನ್ ತಿರುಗಿಸುತ್ತಾರೆ. ಆದರೆ ಬಿಸಿಗಾಳಿಯನ್ನು ಹಿಂದಕ್ಕೆ ಚಿಮ್ಮಿಸಿಯೇ ಮುಂದೆ ಹೋಗುವ ಬದಲು, ಟರ್ಬೈನಿನ ಶಕ್ತಿಯ ಬಹುಪಾಲನ್ನು ಗೇರುಗಳ ಮೂಲಕ ಪ್ರೊಪೆಲರಿಗೆ ಕೊಡುತ್ತಾರೆ. ಸ್ವಲ್ಪ ಗಾಳಿಯನ್ನು ಜೋರಾಗಿ ಒದೆಯುವುದಕ್ಕಿಂತ ತುಂಬಾ ಗಾಳಿಯನ್ನು ಮೆಲ್ಲಗೆ ತಳ್ಳಿದರೆ ಇಂಧನ ಉಳಿಯುತ್ತದೆ. ಹತ್ತಿರದ ಊರುಗಳಿಗೆ ಇವತ್ತಿಗೂ ಪ್ರೊಪೆಲರ್ ವಿಮಾನ ಹಾರುತ್ತಿರುವುದು ಈ ಲೆಕ್ಕದಿಂದಲೇ.

ಡಾರ್ಟ್ ಮೊದಲು ತಿರುಗಿದ್ದು 1946ರಲ್ಲಿ. ಅದರ ಒಳಗೆ ಒಂದರ ಹಿಂದೆ ಒಂದು ಎರಡು ದೊಡ್ಡ ಚಕ್ರಗಳು ಗಾಳಿಯನ್ನು ಒತ್ತುತ್ತವೆ. ಸುತ್ತಲೂ ಏಳು ಉರಿಯುವ ಡಬ್ಬಿಗಳು. ಹಿಂದೆ ಟರ್ಬೈನ್. ಎಲ್ಲವೂ ಒಂದೇ ದಂಡಕ್ಕೆ ಜೋಡಣೆ. ಟೇಕಾಫ್ ಹೊತ್ತಿಗೆ ಆ ದಂಡ ನಿಮಿಷಕ್ಕೆ 15,000 ಸುತ್ತು ತಿರುಗುತ್ತದೆ. ಗೇರುಗಳು ಅದನ್ನು ಇಳಿಸಿ ಪ್ರೊಪೆಲರಿಗೆ ಸುಮಾರು 1,400 ಸುತ್ತು ಕೊಡುತ್ತವೆ. ಒಂದೇ ದಂಡ ಇರುವುದರಿಂದ ನೆಲದ ಮೇಲೆ ಸುಮ್ನೆ ನಿಂತಿರುವಾಗಲೂ ಎಂಜಿನ್ ಮೆತ್ತಗೆ ತಿರುಗುವುದಿಲ್ಲ. ಆ ಕಿವಿ ಕೊರೆಯುವ ಕೂಗು ಬರುವುದು ಅಲ್ಲಿಂದ.

ಬೆಳಗಿನ ಮೊದಲ ವಿಮಾನಕ್ಕೆ ಎಂಜಿನ್ ಹಚ್ಚುವುದು ನನಗೆ ತುಂಬಾ ಇಷ್ಟದ ಕೆಲಸವಾಗಿತ್ತು. ಬಟನ್ ಒತ್ತಿದ ತಕ್ಷಣ ಏನೂ ಆಗುವುದಿಲ್ಲ. ಗೇರುಗಳು ಉಜ್ಜಿಕೊಂಡ ಒಂದು ಕಿರುಸದ್ದು. ಪ್ರೊಪೆಲರ್ ನಿದ್ದೆಯಿಂದ ಎದ್ದ ಹಾಗೆ ಒಂದು ಸುತ್ತು, ಎರಡು ಸುತ್ತು. ಹತ್ತಿರ ನಿಂತಿದ್ದರೆ ಒಳಗೆ ಕಿಡಿ ಹಾರುವ ಟಕ್ ಟಕ್ ಟಕ್ ಕೇಳುತ್ತದೆ. ಆಮೇಲೆ ಇಂಧನ ಹತ್ತಿಕೊಂಡಾಗ ಗುಫ್ ಅಂತ ಒಂದು ಸದ್ದು, ಹಿಂದಿನ ಪೈಪಿನಿಂದ ಬಿಸಿ ಹಬೆಯ ನಡುಕ. ಅಲ್ಲಿಂದ ಕೂಗು ಮೇಲೇರಲು ಶುರು. ಅವಸರವಿಲ್ಲ. ನಾದಸ್ವರದವರು ಒಂದು ಸ್ವರ ಹಿಡಿದು ಉಸಿರು ಬಿಡದೆ ಮೇಲಕ್ಕೆ ಜಾರಿಸಿದ ಹಾಗೆ ಏರುತ್ತಾ ಹೋಗುತ್ತದೆ. ಒಳಗೆ ಕೂತವನ ಕಣ್ಣು ಉಷ್ಣತೆಯ ಮುಳ್ಳಿನ ಮೇಲೆ. ಅದು ಕೆಂಪು ಗೆರೆ ಮುಟ್ಟದೆ ಇಳಿದರೆ ಸಮಾಧಾನ. ಆಮೇಲೆ ಇನ್ನೊಂದು ಎಂಜಿನ್, ಮತ್ತೆ ಮೊದಲಿನಿಂದ ಅದೇ ರಾಗ. ಕಿಟಕಿ ಪಕ್ಕ ಕೂತ ಪ್ರಯಾಣಿಕರು ಇದನ್ನೆಲ್ಲ ಮೂರು ನಾಲ್ಕು ಅಡಿ ದೂರದಿಂದ ನೋಡುತ್ತಿದ್ದರು. ಅದನ್ನು ಮರೆಯೋದು ಹೇಗೆ?

ಇನ್ನು ಇಡೀ ವಿಷಯದಲ್ಲಿ ನನಗೆ ಅತಿ ಆಶ್ಚರ್ಯ ಅನಿಸಿದ ಸಂಗತಿ ಹೇಳುತ್ತೇನೆ. ಟರ್ಬೊಪ್ರಾಪ್ ಮೊದಲು ಬಂದಾಗ ಜನ ಅದನ್ನು ಮೆಚ್ಚಿದ್ದು ಸದ್ದಿಗಾಗಿ ಅಲ್ಲ. ಸದ್ದಿಲ್ಲ ಅನ್ನುವುದಕ್ಕೆ!

ಜಗತ್ತಿನ ಮೊದಲ ಟರ್ಬೊಪ್ರಾಪ್ ಪ್ರಯಾಣಿಕ ವಿಮಾನ ಬ್ರಿಟನ್ನಿನ ವಿಕರ್ಸ್ ವೈಕೌಂಟ್. ನಾಲ್ಕು ಡಾರ್ಟ್ ಎಂಜಿನ್‌ಗಳು. 1948ರ ಜುಲೈ 16ರಂದು ಮೊದಲ ಸಲ ಹಾರಿತು. 1950ರ ಜುಲೈ 29ರಂದು ಲಂಡನ್ನಿನ ನಾರ್ತೋಲ್ಟ್‌ನಿಂದ ಪ್ಯಾರಿಸ್ಸಿನ ಲ ಬುರ್ಜೆಗೆ ಟಿಕೆಟ್ ಕೊಂಡ ಪ್ರಯಾಣಿಕರನ್ನು ಹೊತ್ತು ಹೋಯಿತು. ಅಲ್ಲಿಯವರೆಗೆ ಜನ ಹಾರುತ್ತಿದ್ದದ್ದು ಪಿಸ್ಟನ್ ಎಂಜಿನ್‌ಗಳ ವಿಮಾನಗಳಲ್ಲಿ. ಹತ್ತಾರು ಪಿಸ್ಟನ್‌ಗಳು ಮೇಲೆ ಕೆಳಗೆ ಬಡಿಯುವಾಗ ಸೀಟು ನಡುಗುತ್ತಿತ್ತು, ಹಲ್ಲು ನಡುಗುತ್ತಿತ್ತು, ಇಳಿದ ಮೇಲೂ ಗಂಟೆಗಟ್ಟಲೆ ತಲೆಯಲ್ಲಿ ಗುಂಯ್ ಅನ್ನುತ್ತಿತ್ತು. ವೈಕೌಂಟಿನಲ್ಲಿ ಬಡಿಯುವ ಭಾಗವೇ ಇಲ್ಲ. ಎಲ್ಲವೂ ತಿರುಗುವ ಭಾಗ. ಹಾರುವ ವಿಮಾನದಲ್ಲಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ತೋರಿಸುತ್ತಿದ್ದರು, ಅದು ಬೀಳುತ್ತಿರಲಿಲ್ಲ. ಜೊತೆಗೆ ಮೊಟ್ಟೆಯಾಕಾರದ ದೊಡ್ಡ ದೊಡ್ಡ ಕಿಟಕಿಗಳು, ಒಂದೊಂದೂ ಎರಡಡಿಗಿಂತ ಎತ್ತರ. ಇವತ್ತಿನ ಜೆಟ್‌ನ ಕಿಟಕಿ ಅದರ ಮುಂದೆ ಗೂಡಿನ ಬಾಯಿ ಇದ್ದ ಹಾಗೆ. ಅದೇ ಕಾಲದ ಇನ್ನೊಂದು ಟರ್ಬೊಪ್ರಾಪ್ ಬ್ರಿಸ್ಟಲ್ ಬ್ರಿಟಾನಿಯಾಗೆ ಜನ ಇಟ್ಟ ಹೆಸರು 'ಪಿಸುಗುಡುವ ದೈತ್ಯ'.

ನಮ್ಮ ದೇಶಕ್ಕೆ ಇಂಡಿಯನ್ ಏರ್‌ಲೈನ್ಸ್ 1957ರಲ್ಲಿ ವೈಕೌಂಟ್ ತಂದಿತು. ಹಳೆಯ ಪಿಸ್ಟನ್ ವಿಮಾನ ಡಕೋಟಾದಲ್ಲಿ ಒದ್ದಾಡಿ ಹೋಗುತ್ತಿದ್ದವರಿಗೆ ಅದು ಬೇರೆಯೇ ಲೋಕ. 1961ರಲ್ಲಿ ಫಾಕರ್ ಫ್ರೆಂಡ್‌ಶಿಪ್ ಬಂತು.

ಅಂದರೆ ಒಂದೇ ಎಂಜಿನ್, ಒಂದೇ ಸದ್ದು. 1950ರಲ್ಲಿ 'ಎಷ್ಟು ಶಾಂತವಾಗಿದೆ' ಅಂದರು. ಇವತ್ತು 'ಎಷ್ಟು ಜೀವಂತವಾಗಿದೆ' ಅನ್ನುತ್ತಾರೆ. ನಡುವೆ ಬದಲಾದದ್ದು ನಾವು. ಜೆಟ್‌ಗಳು ಬಂದು ವಿಮಾನ ಮಾಡುವ ಕೆಲಸವನ್ನೆಲ್ಲ ನಮ್ಮಿಂದ ಮುಚ್ಚಿಟ್ಟವು. ಈಗ ನಾವು ಕಿಟಕಿಯ ಪರದೆ ಎಳೆದು, ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಮೂವತ್ತೈದು ಸಾವಿರ ಅಡಿಯಲ್ಲಿ ಕೂತಿರುತ್ತೇವೆ. ಹಾರುತ್ತಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ಹಳೆಯ ಟರ್ಬೊಪ್ರಾಪಿನಲ್ಲಿ ಅದು ಮರೆಯೋಕೆ ಆಗಲ್ಲ. ಅಲ್ಲಿ ಪ್ರತಿಯೊಂದು ಸದ್ದಿಗೂ ಒಂದು ಕಾರಣ ಇದೆ, ಆ ಕಾರಣ ಕಣ್ಣ ಮುಂದೆಯೇ ಇದೆ. ನನ್ನ ಪ್ರಕಾರ ಸೆಳೆತ ಇರುವುದು ಇದರಲ್ಲೇ. ಬರೀ ಹಳೆಯ ನೆನಪಿನ ಮೋಹ ಆಗಿದ್ದರೆ ಆವ್ರೊ ಓಡುವ ಕಾಲದಲ್ಲಿ ಹುಟ್ಟಿಯೇ ಇರದ ಹುಡುಗರು ಯಾಕೆ ಹುಡುಕಿಕೊಂಡು ಹೋಗುತ್ತಿದ್ದರು, ಹೇಳಿ?

ಒಂದು ಉದಾಹರಣೆ ನೋಡಿ. ಆವ್ರೊದಲ್ಲಿ ಕೂತರೆ ಗುಂ... ಗುಂ... ಗುಂ... ಅಂತ ಅಲೆಅಲೆಯಾಗಿ ಒಂದು ಸದ್ದು ಬಂದು ಹೋಗುತ್ತದೆ. ತುಂಬಾ ಜನ ಎಂಜಿನ್ ಕೆಟ್ಟಿದೆ ಅಂತ ಹೆದರುತ್ತಿದ್ದರು. ಕೆಟ್ಟಿರುವುದಿಲ್ಲ. ಎರಡು ತಂಬೂರಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದ್ದರೆ ನಾದ ಅಲೆಯ ಹಾಗೆ ಏರಿಳಿಯುತ್ತದಲ್ಲ, ಇದೂ ಹಾಗೆಯೇ. ಎಡಗಡೆ ಪ್ರೊಪೆಲರ್ ನಿಮಿಷಕ್ಕೆ 1,400 ಸುತ್ತು, ಬಲಗಡೆಯದು 1,395 ಸುತ್ತು ಅಂತ ಇಟ್ಟುಕೊಳ್ಳಿ. ಒಂದೊಂದಕ್ಕೂ ನಾಲ್ಕು ಬ್ಲೇಡು. ಲೆಕ್ಕ ಹಾಕಿದರೆ ಮೂರು ಸೆಕೆಂಡಿಗೆ ಒಂದು ಅಲೆ ಬರುತ್ತದೆ. ಪೈಲಟ್ ಒಂದು ಲಿವರನ್ನು ಸ್ವಲ್ಪವೇ ಸ್ವಲ್ಪ ಸರಿಸಿದಾಗ ಅಲೆ ನಿಧಾನವಾಗಿ, ಇನ್ನೂ ನಿಧಾನವಾಗಿ, ಕೊನೆಗೆ ನಿಂತೇ ಹೋಗುತ್ತದೆ. ಆ ಕ್ಷಣ ಇಡೀ ಕ್ಯಾಬಿನ್ನಿಗೆ ಶ್ರುತಿ ಕೂಡಿದ ನೆಮ್ಮದಿ. ಮುಂದೆ ಬಾಗಿಲಾಚೆ ಒಬ್ಬ ಮನುಷ್ಯ ಕೂತು ಕಿವಿಗೊಟ್ಟು ಕೆಲಸ ಮಾಡುತ್ತಿದ್ದಾನೆ ಅಂತ ಪ್ರಯಾಣಿಕನಿಗೆ ಗೊತ್ತಾಗುವುದು ಹೀಗೆ.

ಇಳಿಯುವಾಗಲೂ ಅಷ್ಟೇ. ಚಕ್ರ ನೆಲ ಮುಟ್ಟಿದ ಮೇಲೆ ಪ್ರೊಪೆಲರಿನ ಬ್ಲೇಡುಗಳು ಪೂರ್ತಿ ಚಪ್ಪಟೆಯಾಗಿ ಗಾಳಿಗೆ ಅಡ್ಡ ನಿಲ್ಲುತ್ತವೆ. ತಿರುಗುವ ಎರಡು ದೊಡ್ಡ ತಟ್ಟೆಗಳೇ ಬ್ರೇಕ್ ಆಗುತ್ತವೆ. ಕೂಗಿನ ಧಾಟಿ ತಟ್ಟನೆ ಬದಲಾಗುತ್ತದೆ, ಮೈ ಮುಂದಕ್ಕೆ ವಾಲುತ್ತದೆ. ಫಾಕರ್ ಆದರೆ ಇನ್ನೊಂದು ನೋಟ. ಅದರ ರೆಕ್ಕೆ ಮೇಲಿದೆ, ಚಕ್ರದ ಕಾಲುಗಳು ಎಂಜಿನ್ ಗೂಡಿನಿಂದ ಇಳಿಯಬೇಕು. ಉದ್ದನೆಯ ಕಾಲು, ಕೊಕ್ಕರೆ ಕೆರೆಗೆ ಇಳಿಯುವ ಮುಂಚೆ ಚಾಚುವ ಹಾಗೆ, ನಿಮ್ಮ ಕಿಟಕಿಯ ಪಕ್ಕದಲ್ಲೇ ಚಾಚಿಕೊಳ್ಳುತ್ತದೆ. ಮಕ್ಕಳು ಅದನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದರು.

ಇನ್ನು ಎತ್ತರ. ಜೆಟ್‌ಗಳು ಮೋಡದ ಮೇಲೆ ಹೋದರೆ ಇವು ಮೋಡದ ನಡುವೆ, ಕೆಳಗೆ. ಬೆಂಗಳೂರು–ಮಂಗಳೂರಿನಂಥ ಸಣ್ಣ ದಾರಿಯಲ್ಲಿ ಜಾಸ್ತಿ ಏರಲು ಸಮಯವೂ ಇಲ್ಲ, ಅಗತ್ಯವೂ ಇಲ್ಲ. ಒಂದು ಸಲ ಮಂಗಳೂರಿನಲ್ಲಿ ಕೆಟ್ಟು ನಿಂತ ವಿಮಾನಕ್ಕೆ ಬಿಡಿಭಾಗದ ಪೆಟ್ಟಿಗೆ ಹಿಡಿದುಕೊಂಡು ಇನ್ನೊಂದು ಆವ್ರೊದಲ್ಲಿ ಹೋಗಿದ್ದೆ. ಮಳೆಗಾಲ ಮುಗಿದ ಹೊಸತು, ಅಕ್ಟೋಬರ್. ಹಾಸನ ದಾಟುವವರೆಗೆ ಕೆರೆ, ಗದ್ದೆ, ತೆಂಗಿನ ಸಾಲು. ಸಕಲೇಶಪುರದ ಮೇಲೆ ಬಂದಾಗ ಕಾಫಿ ತೋಟದ ನಡುವಿನ ಕೆಂಪು ದಾರಿಯಲ್ಲಿ ಒಂದು ಜೀಪ್ ಹೋಗುತ್ತಿರುವುದು ಕಾಣುತ್ತಿತ್ತು. ಆಮೇಲೆ ನೆಲ ಇದ್ದಕ್ಕಿದ್ದಂತೆ ಕುಸಿದು ಘಟ್ಟದ ಬುಡಕ್ಕೆ ಹೋಯಿತು. ಬಂಡೆಯ ಮೇಲೆ ಬಿಳಿ ದಾರದಂಥ ನೀರು. ಬಲಗಡೆ ದೂರದಲ್ಲಿ ಕುದುರೆಮುಖದ ಸಾಲು ಹೆಚ್ಚುಕಮ್ಮಿ ನಮ್ಮ ಪಕ್ಕಕ್ಕೇ ನಿಂತ ಹಾಗಿತ್ತು. ನೇತ್ರಾವತಿ ಕಂಡ ಮೇಲೆ ಬಜಪೆಯ ಗುಡ್ಡ. ಒಂದು ಗಂಟೆಯ ದಾರಿಯಲ್ಲಿ ನಾನು ಓದಿದ್ದ ಭೂಗೋಳವೆಲ್ಲ ಕಣ್ಣೆದುರು ಹಾಯ್ದು ಹೋಗಿತ್ತು. ಅದೇ ದಾರಿಯಲ್ಲಿ ಆಮೇಲೆ ಎಷ್ಟೋ ಸಲ ಜೆಟ್‌ನಲ್ಲಿ ಹೋಗಿದ್ದೇನೆ. ಒಂದೂ ಬೇರೆಯಾಗಿ ನೆನಪಿಲ್ಲ.

ಪೆಪ್ಪರ್‌ಮಿಂಟ್ ಮತ್ತು ಹತ್ತಿಯ ಉಂಡೆ ಇಟ್ಟ ತಟ್ಟೆ ನಿಮ್ಮ ತಂದೆಗೂ ನೆನಪಿರಬೇಕು, ಕೇಳಿ ನೋಡಿ. ಪೆಪ್ಪರ್‌ಮಿಂಟ್ ಚೀಪಿದರೆ ಕಿವಿ ಕಟ್ಟುವುದಿಲ್ಲ ಅಂತ, ಹತ್ತಿ ಸದ್ದಿಗೆ ಅಂತ.

ಅವರು ಹತ್ತಿದ ವಿಮಾನ ನಮ್ಮವರೇ ಕಟ್ಟಿದ್ದು ಅನ್ನುವುದನ್ನೂ ಅವರಿಗೆ ಹೇಳಿ. ಆವ್ರೊ 748 ಬ್ರಿಟಿಷರ ವಿನ್ಯಾಸ, ಅಲ್ಲಿ 1960ರ ಜೂನ್‌ನಲ್ಲಿ ಮೊದಲು ಹಾರಿತು. ಒಂದೂವರೆ ವರ್ಷದೊಳಗೆ, 1961ರ ನವೆಂಬರ್ 1ರಂದು, ಕಾನ್ಪುರದಲ್ಲಿ ಜೋಡಿಸಿದ ಮೊದಲ ಆವ್ರೊ ಹಾರಿತು. ವಾಯುಪಡೆಯ ಮುಖ್ಯಸ್ಥರಾಗಿದ್ದ ಸುಬ್ರತೊ ಮುಖರ್ಜಿ ಅವರ ನೆನಪಿಗೆ ಅದಕ್ಕೆ 'ಸುಬ್ರತೊ' ಅಂತ ಹೆಸರಿಟ್ಟಿದ್ದರು. ಎಚ್‌ಎಎಲ್ ಒಟ್ಟು 89 ಆವ್ರೊಗಳನ್ನು ಕಟ್ಟಿತು. 72 ವಾಯುಪಡೆಗೆ, 17 ಇಂಡಿಯನ್ ಏರ್‌ಲೈನ್ಸ್‌ಗೆ. ಅವುಗಳ ಡಾರ್ಟ್ ಎಂಜಿನ್‌ಗಳು ತಯಾರಾದದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್ ಎಂಜಿನ್ ವಿಭಾಗದಲ್ಲಿ.

ಬೆಂಗಳೂರಿಗೂ ಡಾರ್ಟ್‌ಗೂ ಇನ್ನೊಂದು ನಂಟಿದೆ. ಹಳೆಯ ಎಚ್‌ಎಎಲ್ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 2,900 ಅಡಿ ಮೇಲಿದೆ. ಅಲ್ಲಿ ಗಾಳಿ ತೆಳು. ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳು. ತೆಳು ಗಾಳಿಯಲ್ಲಿ ಎಂಜಿನ್ ಸೊರಗುತ್ತದೆ. ಅದಕ್ಕೆ ಟೇಕಾಫ್ ಹೊತ್ತಿಗೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರಾವಣವನ್ನು ಎಂಜಿನ್ ಒಳಗೆ ಸಿಂಪಡಿಸುವ ಏರ್ಪಾಡಿತ್ತು. ಒಳಗಿನ ಗಾಳಿ ತಂಪಾಗಿ ದಟ್ಟವಾಗುತ್ತದೆ, ಕಳೆದುಹೋದ ಬಲ ಮರಳುತ್ತದೆ. ಏಪ್ರಿಲ್ ತಿಂಗಳ ಸುಡುಬಿಸಿಲಲ್ಲಿ ಆ ಟ್ಯಾಂಕ್ ತುಂಬಿಸುವಾಗ ಬರುತ್ತಿದ್ದ ಸ್ಪಿರಿಟ್ಟಿನ ವಾಸನೆ, ಸೀಮೆಎಣ್ಣೆಯ ವಾಸನೆ, ಕಾದ ಕಾಂಕ್ರೀಟಿನ ವಾಸನೆ ನನ್ನ ಮೂಗಿನಲ್ಲಿ ಈಗಲೂ ಇದೆ.

ಈ ಪ್ರೀತಿ ನಮ್ಮ ದೇಶಕ್ಕಷ್ಟೇ ಸೇರಿದ್ದಲ್ಲ. ಬ್ರೆಜಿಲ್‌ನಲ್ಲಿ ರಿಯೊ ಮತ್ತು ಸಾವೊ ಪಾಲೊ ನಡುವಿನ ವಿಮಾನ ಸೇವೆಗೆ 'ಗಾಳಿ ಸೇತುವೆ' ಅಂತಲೇ ಹೆಸರು. 1975ರಿಂದ 1992ರ ಶುರುವಿನವರೆಗೆ ಆ ದಾರಿಯಲ್ಲಿ ಹಾರಿದ್ದು ಬಹುತೇಕ ಲಾಕ್‌ಹೀಡ್ ಎಲೆಕ್ಟ್ರಾಗಳೇ. ನಾಲ್ಕು ಎಂಜಿನ್ನಿನ ಟರ್ಬೊಪ್ರಾಪ್. ಜಗತ್ತೆಲ್ಲ ಜೆಟ್ ಹತ್ತುತ್ತಿದ್ದ ಕಾಲದಲ್ಲಿ ಎರಡು ಮಹಾನಗರಗಳ ನಡುವೆ ಪ್ರೊಪೆಲರ್ ವಿಮಾನ! ರಿಯೊದ ಸಾಂತೋಸ್ ದುಮೊಂ ನಿಲ್ದಾಣದ ರನ್‌ವೇ ಸಮುದ್ರಕ್ಕೆ ಚಾಚಿಕೊಂಡಿದೆ, ಉದ್ದ 1,323 ಮೀಟರ್ ಅಷ್ಟೇ. ಎಲೆಕ್ಟ್ರಾದ ನಾಲ್ಕು ದೊಡ್ಡ ಪ್ರೊಪೆಲರ್‌ಗಳು ರೆಕ್ಕೆಯ ಬಹುಪಾಲು ಅಗಲಕ್ಕೆ ಗಾಳಿ ಬೀಸುತ್ತವೆ. ಹಾಗಾಗಿ ಪೈಲಟ್ ಬಲ ಕೊಟ್ಟ ಕ್ಷಣವೇ ರೆಕ್ಕೆ ಎತ್ತುತ್ತದೆ. ಅಂಥ ಜಾಗಕ್ಕೆ ಹೇಳಿ ಮಾಡಿಸಿದ ವಿಮಾನ. ಹಿಂದುಗಡೆ ಎದುರುಬದುರು ಕೂರುವ ಲೌಂಜ್ ಬೇರೆ. ಅದನ್ನು ಇಳಿಸಿದಾಗ ಬ್ರೆಜಿಲ್ಲಿನವರು ಮನೆಯವರನ್ನು ಬೀಳ್ಕೊಟ್ಟ ಹಾಗೆ ಬೀಳ್ಕೊಟ್ಟರು. ಒಂದು ಎಲೆಕ್ಟ್ರಾ ರಿಯೊದ ವೈಮಾನಿಕ ಮ್ಯೂಸಿಯಂನಲ್ಲಿದೆ. ಜಪಾನಿನಲ್ಲೂ ಹೀಗೆಯೇ. ಡಾರ್ಟ್ ಎಂಜಿನ್ನಿನ ಅವರದೇ ವಿಮಾನ ವೈಎಸ್-11, 1964ರ ಟೋಕಿಯೊ ಒಲಿಂಪಿಕ್ ಜ್ಯೋತಿಯನ್ನು ದೇಶದೊಳಗೆ ಹೊತ್ತದ್ದು. 2006ರ ಸೆಪ್ಟೆಂಬರ್ 30ರಂದು ಪ್ರಯಾಣಿಕರೊಂದಿಗೆ ಅಲ್ಲಿ ಕೊನೆಯ ಸಲ ಹಾರಿತು.

ನೀವು ನೋಡಿದ ವಿಡಿಯೊ ಬಹುಶಃ ಉತ್ತರ ಕೊರಿಯಾದ್ದು ಇರಬೇಕು. 2010ರ ದಶಕದಲ್ಲಿ ಅಲ್ಲಿಗೆ ವಿಮಾನಪ್ರಿಯರಿಗಾಗಿಯೇ ಪ್ರವಾಸಗಳು ನಡೆದವು. ಸೋವಿಯತ್ ಕಾಲದ ಇಲ್ಯೂಶಿನ್-18, ಆಂಟೊನೊವ್-24 ವಿಮಾನಗಳಲ್ಲಿ ಒಂದು ಸುತ್ತು ಹಾಕಿಸುತ್ತಿದ್ದರು. ಜನ ಯುರೋಪಿನಿಂದ ಬಂದು ಹತ್ತಿದ್ದಾರೆ.

ಈಗ ಕ್ಷೇಮದ ಪ್ರಶ್ನೆ. ಇದಕ್ಕೆ ಮುಚ್ಚುಮರೆ ಇಲ್ಲದೆ ಉತ್ತರ ಕೊಡಬೇಕು.

ಮೊದಲು ಎಲೆಕ್ಟ್ರಾ ಕತೆಯ ಇನ್ನೊಂದು ಭಾಗ. ಅಮೆರಿಕದಲ್ಲಿ ಅದು ಸೇವೆಗೆ ಬಂದ ಹೊಸದರಲ್ಲಿ, 1959ರ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್‌ನಲ್ಲಿ ಒಂದು, 1960ರ ಮಾರ್ಚ್‌ನಲ್ಲಿ ಇಂಡಿಯಾನಾದಲ್ಲಿ ಇನ್ನೊಂದು ಎಲೆಕ್ಟ್ರಾ ಆಕಾಶದಲ್ಲೇ ರೆಕ್ಕೆ ಮುರಿದು ಬಿದ್ದವು. ಹತ್ತಿದವರಲ್ಲಿ ಯಾರೂ ಉಳಿಯಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ಹೀಗೆ. ಬುಗುರಿ ತಿರುಗುವಾಗ ಬೆರಳಿಂದ ಸ್ವಲ್ಪ ತಳ್ಳಿದರೆ ತಲೆ ಸುತ್ತಿಸಿಕೊಂಡು ಓಲಾಡುತ್ತದಲ್ಲ? ಪ್ರೊಪೆಲರ್ ಕೂಡ ಒಂದು ದೊಡ್ಡ ಬುಗುರಿಯೇ. ಎಂಜಿನ್ ಹಿಡಿದಿಡುವ ಕಟ್ಟು ಸ್ವಲ್ಪ ಸಡಿಲವಾದಾಗ ಅದು ಓಲಾಡಲು ಶುರುಮಾಡಿತು. ಆ ಓಲಾಟದ ತಾಳ, ರೆಕ್ಕೆ ತಾನಾಗಿಯೇ ಅಲುಗುವ ತಾಳಕ್ಕೆ ಸರಿಹೊಂದಿತು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತಾ ಹೋದ ಹಾಗೆ. ಕೆಲವೇ ಸೆಕೆಂಡಿನಲ್ಲಿ ರೆಕ್ಕೆ ಕಿತ್ತುಬಂತು. ಕಂಪನಿ ಎಂಜಿನ್ ಕಟ್ಟುಗಳನ್ನೂ ರೆಕ್ಕೆಯನ್ನೂ ಗಟ್ಟಿಮಾಡಿತು. ಹಾಗೆ ಸರಿಮಾಡಿದ ವಿಮಾನಗಳೇ ಆಮೇಲೆ ದಶಕಗಟ್ಟಲೆ ದುಡಿದವು.

ಅಂದರೆ ವಿಮಾನಕ್ಕೆ ವಯಸ್ಸಾದದ್ದೇ ಅಪಾಯ ಅಲ್ಲ. ಅದನ್ನು ಯಾರು, ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದೇ ಎಲ್ಲ. ವಿಮಾನದ ವಯಸ್ಸನ್ನು ನಾವು ವರ್ಷದಲ್ಲಿ ಮಾತ್ರ ಎಣಿಸುವುದಿಲ್ಲ. ಹಾರಿದ ಗಂಟೆ ಎಷ್ಟು, ಇಳಿದ ಸಲ ಎಷ್ಟು ಅಂತಲೂ ಎಣಿಸುತ್ತೇವೆ. ಪ್ರತಿ ಸಲ ಏರಿದಾಗ ಕ್ಯಾಬಿನ್ನಿನ ಒಳಗಿನ ಗಾಳಿಯ ಒತ್ತಡಕ್ಕೆ ಮೈ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಒಂದು ದಿನ ತುಂಡಾಗುತ್ತದಲ್ಲ, ಹಾಗೆ. ಆ ದಿನ ಬರುವ ಮುಂಚೆಯೇ ಬಿರುಕು ಹುಡುಕಬೇಕು. ಇನ್ನೊಂದು ಶತ್ರು ತುಕ್ಕು. ಮಂಗಳೂರಿನ ಉಪ್ಪುಗಾಳಿ ತಿಂದು ಬಂದ ಆವ್ರೊಗಳಲ್ಲಿ ನಾವು ಮೊದಲು ಕೈಹಾಕುತ್ತಿದ್ದದ್ದು ಶೌಚಾಲಯ ಮತ್ತು ಅಡುಗೆ ಕಟ್ಟೆಯ ಕೆಳಗಿನ ನೆಲಹಲಗೆಗೆ. ಚೆಲ್ಲಿದ ಕಾಫಿ, ನೀರು ಎಲ್ಲ ಅಲ್ಲೇ ಇಳಿಯುತ್ತದೆ. ಮೇಲೆ ಫಳಫಳ ಹೊಳೆಯುವ ವಿಮಾನ, ಹಲಗೆ ಎತ್ತಿದರೆ ಅಲ್ಯೂಮಿನಿಯಂ ಬಿಳಿ ಹಿಟ್ಟಿನ ಹಾಗೆ ಉದುರುತ್ತಿತ್ತು. ಅದನ್ನು ಕೆರೆದು, ಅಳೆದು, ಬೇಕಾದಲ್ಲಿ ಹೊಸ ತುಂಡು ಹಾಕಿ ಸಹಿ ಮಾಡುವವನ ಮೇಲೆ ನಿಮ್ಮ ಜೀವ ನಿಂತಿರುತ್ತದೆ.

ಕಷ್ಟ ಏನೆಂದರೆ ಬಿಡಿಭಾಗ ಸಿಗುವುದಿಲ್ಲ. ಡಾರ್ಟ್ ಏಳು ಸಾವಿರಕ್ಕೂ ಹೆಚ್ಚು ತಯಾರಾಯಿತು ನಿಜ, ಆದರೆ ತಯಾರಿಕೆ 1987ಕ್ಕೇ ನಿಂತಿತು. ಆ ಎಂಜಿನ್ ಬಿಚ್ಚಿ ಜೋಡಿಸಿದ ಅನುಭವ ಇರುವವರೂ ನಿವೃತ್ತರಾಗಿದ್ದೇವೆ. 2025ರ ಜುಲೈನಲ್ಲಿ ರಷ್ಯಾದ ದೂರಪೂರ್ವದ ಟಿಂಡಾ ಹತ್ತಿರ ಒಂದು ಆಂಟೊನೊವ್-24 ಬಿದ್ದು 48 ಜನ ಸತ್ತರು. ಆ ವಿಮಾನಕ್ಕೆ ಸುಮಾರು ಐವತ್ತು ವರ್ಷ. ಅದರಲ್ಲಿದ್ದವರು ಹಳೆಯ ವಿಮಾನದ ಆಸೆಗೆ ಹತ್ತಿದವರಲ್ಲ, ಬೇರೆ ದಾರಿ ಇಲ್ಲದ ಊರಿಗೆ ಹೊರಟ ಸಾಮಾನ್ಯ ಜನ. ಈ ವಿಮಾನಗಳನ್ನು ನಾನು ಎಷ್ಟೇ ಪ್ರೀತಿಸಿದರೂ ಆ ಸಾವುಗಳನ್ನು ಪಕ್ಕಕ್ಕಿಟ್ಟು ಮಾತಾಡಲಾರೆ. ಹಾಗಾಗಿ ಕಂಡಕಂಡ ಹಳೆಯ ವಿಮಾನ ಹತ್ತಿ ಅಂತ ಹೇಳಲ್ಲ. ಆ ದೇಶದ ವಿಮಾನಯಾನ ಇಲಾಖೆ ಪ್ರಯಾಣಿಕರನ್ನು ಹೊರಲು ಅನುಮತಿ ಕೊಟ್ಟಿದೆಯೇ, ಆ ಕಂಪನಿಗೆ ಅದೇ ಜಾತಿಯ ವಿಮಾನ ಹಾರಿಸಿದ ಅನುಭವ ಎಷ್ಟು ವರ್ಷದ್ದು, ನಿಮ್ಮ ಪ್ರಯಾಣ ವಿಮೆಯಲ್ಲಿ ಇಂಥ ಹಾರಾಟ ಸೇರುತ್ತದೆಯೇ ಅಂತ ಕೇಳಿ. ಉತ್ತರ ಸರಿಯಾಗಿ ಬರದಿದ್ದರೆ ಕೆಳಗೆ ನಿಂತು ಫೋಟೊ ತೆಗೆದುಕೊಂಡು ಬನ್ನಿ.

ಕೊನೆಯದಾಗಿ, ತಂದೆಯವರನ್ನು ಕರೆದುಕೊಂಡು ಹೋಗುವ ವಿಷಯ. ಆವ್ರೊದಲ್ಲೇ ಅಂದರೆ ಕಷ್ಟ. ನಮ್ಮಲ್ಲಿ ಅದು ಪ್ರಯಾಣಿಕ ಸೇವೆಯಿಂದ ಹೋಗಿ ಎಷ್ಟೋ ಕಾಲವಾಯಿತು. ವಾಯುಪಡೆಯಲ್ಲಿ ಅವುಗಳ ಜಾಗಕ್ಕೆ 56 ಏರ್‌ಬಸ್ ಸಿ-295 ಬರುತ್ತಿವೆ, 2023ರಲ್ಲಿ ಮೊದಲನೆಯದು ಸೇರಿತು. ಅದೂ ಟರ್ಬೊಪ್ರಾಪೇ ಅನ್ನುವುದು ನನಗೆ ಖುಷಿ. ಕೆನಡಾದ ಉತ್ತರದಲ್ಲಿ ಜಲ್ಲಿಕಲ್ಲಿನ ರನ್‌ವೇ ಇರುವ ಊರುಗಳಿಗೆ 748 ತುಂಬಾ ಕಾಲ ದುಡಿದಿದೆ. ಆದರೆ 75 ದಾಟಿದವರನ್ನು ಅಷ್ಟು ದೂರದ ಚಳಿಗೆ ಎಳೆದುಕೊಂಡು ಹೋಗಬೇಡಿ.

ನಿಮ್ಮ ಊರಿನಲ್ಲೇ ದಾರಿ ಇದೆ ನೋಡಿ. ಶಿವಮೊಗ್ಗದ ಕುವೆಂಪು ವಿಮಾನ ನಿಲ್ದಾಣಕ್ಕೆ 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತಲ್ಲ, ಅದು ಎಟಿಆರ್ 72. ಟರ್ಬೊಪ್ರಾಪ್. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಜನರನ್ನು ಹತ್ತಿಸಿದ್ದೂ ಇದೇ ವಂಶದ ಎಟಿಆರ್‌ನಲ್ಲಿ. ಎಟಿಆರ್ 72 ಮೊದಲು ಹಾರಿದ್ದು 1988ರಲ್ಲಿ. ಈಗ ಹಾರುತ್ತಿರುವುದು ಅದರ ಹೊಸ ಮಾದರಿಗಳು, ಹಾಗಾಗಿ ಹಳೆಯ ವಿಮಾನದ ಭಯ ಇಲ್ಲ. ಡಾರ್ಟ್‌ನ ಕೂಗು ಇದರಲ್ಲಿ ಸಿಗುವುದಿಲ್ಲ. ಇದರಲ್ಲಿ ಪ್ರೊಪೆಲರ್ ತಿರುಗಿಸುವ ಟರ್ಬೈನ್ ಬೇರೆಯೇ ದಂಡದ ಮೇಲಿದೆ. ಹಾಗಾಗಿ ಬಲಗಡೆ ಎಂಜಿನ್ ಓಡುತ್ತಿರುವಾಗಲೂ ಅದರ ಪ್ರೊಪೆಲರನ್ನು ಬ್ರೇಕ್ ಹಾಕಿ ನಿಲ್ಲಿಸಿಡಬಹುದು. ಡಾರ್ಟ್‌ನಲ್ಲಿ ಇದು ಆಗದ ಮಾತು. ತಂದೆಯವರಿಗೆ ಇದನ್ನು ತೋರಿಸಿ, ಖಂಡಿತ ಗಮನವಿಟ್ಟು ನೋಡುತ್ತಾರೆ.

ಟಿಕೆಟ್ ಮಾಡುವಾಗ ಯಾವ ವಿಮಾನ ಅಂತ ನೋಡಿ, ಎಟಿಆರ್ ಇರುವ ದಾರಿಯನ್ನೇ ಆರಿಸಿ. ಇದಕ್ಕೆ ಹತ್ತುವುದು ಹಿಂದಿನ ಬಾಗಿಲಿಂದ. ಸಣ್ಣ ಮೆಟ್ಟಿಲು, ಆದರೂ ಅವರ ಕೈ ಹಿಡಿದುಕೊಳ್ಳಿ. ಪ್ರೊಪೆಲರಿಗೆ ನೇರ ಇರುವ ಸಾಲಿನಲ್ಲಿ ಸದ್ದು ಜಾಸ್ತಿ. ಎರಡು ಮೂರು ಸಾಲು ಹಿಂದೆ ಕೂತರೆ ಪ್ರೊಪೆಲರೂ ಕಾಣುತ್ತದೆ, ರೆಕ್ಕೆ ಮೇಲಿರುವುದರಿಂದ ನೆಲವೂ ಪೂರ್ತಿ ಕಾಣುತ್ತದೆ. ಬೆಳಗಿನ ವಿಮಾನವೇ ಒಳ್ಳೆಯದು. ಮಧ್ಯಾಹ್ನದ ಬಿಸಿಗೆ ಕೆಳಗಿನ ಗಾಳಿ ಕುಲುಕುತ್ತದೆ, ವಯಸ್ಸಾದವರಿಗೆ ಹೊಟ್ಟೆ ತೊಳೆಸಬಹುದು. ಸಾಧ್ಯವಾದರೆ ಮಳೆಗಾಲ ಮುಗಿದ ಮೇಲೆ ಹೋಗಿ. ಕೆರೆಗಳೆಲ್ಲ ತುಂಬಿರುತ್ತವೆ, ಬೆಳಗಿನ ಬಿಸಿಲಿಗೆ ಒಂದೊಂದೂ ಕನ್ನಡಿಯ ಹಾಗೆ ಹೊಳೆಯುತ್ತದೆ. ಅವರನ್ನು ಕಿಟಕಿ ಪಕ್ಕ ಕೂರಿಸಿ. ಜೇಬಿನಲ್ಲಿ ನಾಲ್ಕು ಪೆಪ್ಪರ್‌ಮಿಂಟ್ ಇಟ್ಟುಕೊಂಡು ಹೋಗಿ, ಈಗ ವಿಮಾನದಲ್ಲಿ ಕೊಡುವುದಿಲ್ಲ.